ಹಾವುರಾಣಿ: ಅದರ ಗುಣಲಕ್ಷಣ ಮತ್ತು ಆಯಸ್ಸು

ಗೆಳೆಯ ಗೆಳತಿಯರೇ, ನಮ್ಮ ಪರಶುರಾಂಪುರದ ಕಡೆ ಹೊಲದ ಬದು, ಕಲ್ಲುಗುಡ್ಡೆ, ಸೌದೆ ರಾಶಿ ಎಲ್ಲಿ ನೋಡಿದರೂ ಹಾವುರಾಣಿ ಇರುತ್ತದೆ. ಅದನ್ನು ಕಂಡ ಕೂಡಲೇ ನಾವು ಕಲ್ಲು ಹುಡುಕುತ್ತೇವೆ. ನಾನೂ ಹಾಗೇ ಮಾಡಿದವನು.

ಶೇಂಗಾ ಕಾಯಿ ಬಿಡಿಸುವಾಗ ಬಳ್ಳಿ ರಾಶಿಯಿಂದ ಒಂದು ಹಾವುರಾಣಿ ಬಂದು ನನ್ನ ತಂಗಿಯ ಕಾಲ ಮೇಲೆ ಹರಿದು ಹೋಯಿತು. ನಾನು ಕೋಲಿನಿಂದ ಹೊಡೆದೆ. ಬಾಲ ಮಾತ್ರ ಬಿದ್ದು ವಿಲವಿಲ ಒದ್ದಾಡಿತು, ಹಾವುರಾಣಿ ಕಲ್ಲಿನ ಸಂದಿಗೆ ಓಡಿತು. ನಮ್ಮಜ್ಜಿ, "ಅದು ಕಚ್ಚಿದ್ರೆ ನೀರು ಕೇಳೋಕೂ ಬಿಡಲ್ಲ ಕಣೋ" ಅಂದರು. ತಂಗಿ ತಾನು ಸಾಯ್ತೀನಿ ಅಂತ ಅತ್ತು ರಾತ್ರಿ ಊಟವನ್ನೇ ಮಾಡಲಿಲ್ಲ. ಮರುದಿನ ನಮ್ಮ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ನೋಡಿದ್ದನ್ನೂ ಇಲ್ಲಿ ಬರೆದಿದ್ದೇನೆ.

ವಿಷ: ಹಾವುರಾಣಿಗೆ ವಿಷ ಇಲ್ಲವೇ ಇಲ್ಲ. ಅದು ಹಾವಲ್ಲ, ಹಲ್ಲಿ ಮತ್ತು ಓತಿಕ್ಯಾತದ ನೆಂಟ. ಹಿಡಿದರೆ ಕಚ್ಚಬಹುದು, ಆದರೆ ಅದರಿಂದ ಯಾರೂ ಸಾಯುವುದಿಲ್ಲ.

ಆಕಾರ: ಮೈ ಕಂದು ಬಣ್ಣ, ಎಣ್ಣೆ ಹಚ್ಚಿದಂತೆ ಮಿರಮಿರ ಹೊಳೆಯುತ್ತದೆ. ನಾಲ್ಕು ಸಣ್ಣ ಕಾಲುಗಳಿವೆ. ಕಣ್ಣಿಗೆ ರೆಪ್ಪೆ ಇದೆ, ಕಿವಿಯ ತೂತು ಇದೆ. ಹಾವಿಗೆ ಇವೆರಡೂ ಇಲ್ಲ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಜಾತಿಯ ವಿಜ್ಞಾನದ ಹೆಸರು ಯೂಟ್ರೋಪಿಸ್ ಕ್ಯಾರಿನೇಟಾ. ಪ್ರಪಂಚದಲ್ಲಿ ಹಾವುರಾಣಿಯ 1,500ಕ್ಕೂ ಹೆಚ್ಚು ಜಾತಿಗಳಿವೆ.

ಆಹಾರ: ಬೆಳಿಗ್ಗೆ ಬಿಸಿಲು ಕಾಯಿಸಿಕೊಂಡು ಆಮೇಲೆ ಬೇಟೆಗೆ ಹೊರಡುತ್ತದೆ. ಮಿಡತೆ, ಜಿರಲೆ, ಹುಳುಗಳನ್ನು ತಿನ್ನುತ್ತದೆ. ಬೆಳೆ ತಿನ್ನುವ ಹುಳುಗಳನ್ನು ತಿನ್ನುವುದರಿಂದ ಇದು ರೈತನ ಮಿತ್ರ.

ಬಾಲ: ಶತ್ರು ಹಿಡಿದಾಗ ಹಾವುರಾಣಿ ಬಾಲವನ್ನು ಕಳಚಿಬಿಡುತ್ತದೆ. ಶತ್ರು ಒದ್ದಾಡುವ ಬಾಲವನ್ನು ನೋಡುವಷ್ಟರಲ್ಲಿ ಇದು ಪರಾರಿ. ಬಾಲ ಮತ್ತೆ ಬೆಳೆಯುತ್ತದೆ, ಆದರೆ ಒಳಗೆ ಮೂಳೆ ಇರುವುದಿಲ್ಲ, ಮೃದ್ವಸ್ಥಿ ಇರುತ್ತದೆ. ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವುದರಿಂದ ಬಾಲ ಹೋದರೆ ಅದರ ಬುತ್ತಿಯೇ ಹೋದಂತೆ.

ಸಂತಾನ: ನಮ್ಮ ಕಡೆಯ ಹಾವುರಾಣಿ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಬೇರೆ ದೇಶಗಳ ಕೆಲವು ಜಾತಿಗಳು ಮರಿಯನ್ನೇ ಹಾಕುತ್ತವೆ.

ಆಯಸ್ಸು: ಇದು ಜಾತಿಯಿಂದ ಜಾತಿಗೆ ಬೇರೆ ಬೇರೆ. ಸಣ್ಣ ಜಾತಿಗಳು ಕೆಲವೇ ವರ್ಷ ಬದುಕುತ್ತವೆ. ಆಸ್ಟ್ರೇಲಿಯಾದ ನೀಲಿ ನಾಲಿಗೆಯ ದೊಡ್ಡ ಹಾವುರಾಣಿಯನ್ನು ಸಾಕಿದರೆ ಸುಮಾರು 20 ವರ್ಷ ಬದುಕುತ್ತದೆ. ಆದರೆ ಹೊಲದಲ್ಲಿರುವ ಹಾವುರಾಣಿಗೆ ಆಯಸ್ಸು ಮುಗಿಯುವವರೆಗೆ ಬದುಕುವುದು ಸುಲಭವಲ್ಲ. ಹಾವು, ಮುಂಗುಸಿ, ಕೆಂಬೂತ, ಬೆಕ್ಕು ಎಲ್ಲಕ್ಕೂ ಅದು ಆಹಾರ. ಅವು ಹಸಿವಿಗೆ ತಿನ್ನುತ್ತವೆ. ನಾವು ಸುಮ್ಮನೆ ಕೊಲ್ಲುತ್ತೇವೆ.

ಎಚ್ಚರಿಕೆ: ಸೌದೆ ರಾಶಿಯಲ್ಲಿ ನಿಜವಾದ ಹಾವೂ ಇರಬಹುದು. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕು. ಹಾವು ಕಚ್ಚಿದರೆ ಮಂತ್ರ ಹಾಕಿಸುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಂಕ್ರಾಂತಿ ಹೊತ್ತಿಗೆ ನಮ್ಮ ಕಣದ ಕಲ್ಲಿನ ಮೇಲೆ ಒಂದು ಮೋಟು ಬಾಲದ ಹಾವುರಾಣಿ ಬಿಸಿಲು ಕಾಯುತ್ತಿತ್ತು. ಹೊಸ ಬಾಲ ನನ್ನ ಬೆರಳಿನ ಎರಡು ಗೆಣ್ಣಿನಷ್ಟು ಬೆಳೆದಿತ್ತು, ಬಣ್ಣ ಬೇರೆ ಇತ್ತು. ನಾನು ಹೊಡೆದದ್ದೇ ಇರಬೇಕು. ತಂಗಿಯನ್ನು ಕರೆದು ತೋರಿಸಿದೆ. ಅವಳು ದೂರದಲ್ಲೇ ನಿಂತು, "ಅದಕ್ಕೆ ನೋವು ಐತಾ ಅಣ್ಣಾ?" ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಜ್ಜಿ ಮಾತ್ರ ಇನ್ನೂ ನಂಬಿಲ್ಲ.

ಆದ್ದರಿಂದ ಗೆಳೆಯರೇ, ಇನ್ನು ಮೇಲೆ ಹಾವುರಾಣಿ ಕಂಡರೆ ಕಲ್ಲು ಎತ್ತಬೇಡಿ. ಅದರ ಪಾಡಿಗೆ ಅದನ್ನು ಬಿಡಿ.


7ನೇ ತರಗತಿ ವಿದ್ಯಾರ್ಥಿ