ಉಬ್ಬಕ್ಷರದ ಸೀಸೆಗಳು

ಗೋಲಿ ಸೋಡಾದ ಸೀಸೆಯನ್ನು ನೀವು ಜಾತ್ರೆಯಲ್ಲಿಯೋ ಸಂತೆಯಲ್ಲಿಯೋ ಕಂಡಿರಬಹುದು. ಅದರ ತವರು ಇಂಗ್ಲೆಂಡ್. 1872ರಲ್ಲಿ ಹೈರಮ್ ಕಾಡ್ ಎಂಬ ಯಂತ್ರಶಿಲ್ಪಿಯು ಅದಕ್ಕೆ ಪೇಟೆಂಟ್ ಪಡೆದನು. ಸೀಸೆಯನ್ನು ತಲೆಕೆಳಗು ಮಾಡಿ ತುಂಬಿದಾಗ ಗೋಲಿಯು ಬಾಯಿಯತ್ತ ಜಾರುತ್ತದೆ. ಒಳಗಿನ ಅನಿಲದ ಒತ್ತಡವು ಅದನ್ನು ರಬ್ಬರಿನ ಬಳೆಗೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಬಿರಟೆ ಬೇಡ, ತಂತಿ ಬೇಡ. ಕುಡಿಯುವಾಗ ಗೋಲಿಯು ಮತ್ತೆ ಅಡ್ಡ ಬಾರದಂತೆ ಕಂಠದಲ್ಲಿ ಎರಡು ಕುಳಿಗಳನ್ನು ಒಳಮುಖವಾಗಿ ಒತ್ತಿರುತ್ತಾರೆ.

ಅಂದಿನ ಸೋಡಾ ವ್ಯಾಪಾರಿಗೆ ಒಳಗಿನ ನೀರಿಗಿಂತ ಸೀಸೆಯ ಚಿಂತೆಯೇ ಹೆಚ್ಚು. ಬರಿದಾದ ಸೀಸೆ ಮರಳಿ ಬಾರದಿದ್ದರೆ ಅವನಿಗೆ ನಷ್ಟ. ಕಾಗದದ ಚೀಟಿ ನೀರಿನಲ್ಲಿ ನೆನೆದು ಹೋಗುವುದು. ಆದುದರಿಂದ ತನ್ನ ಹೆಸರನ್ನೂ ಊರನ್ನೂ ಗಾಜಿನಲ್ಲಿಯೇ ಉಬ್ಬಕ್ಷರಗಳಲ್ಲಿ ಮೂಡಿಸುತ್ತಿದ್ದನು. ಇದಕ್ಕಾಗಿ ಲೋಹದ ಅಚ್ಚಿನ ಒಳಮೈಯಲ್ಲಿ ಅಕ್ಷರಗಳನ್ನು ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಕೊರೆಯಬೇಕು. ಕೊರೆಯುವವನು ಒಮ್ಮೆ ಮೈಮರೆತನೆಂದರೆ ಇಂಗ್ಲಿಷಿನ ‘ಎಸ್’ ಅಥವಾ ‘ಎನ್’ ಅಕ್ಷರವು ಸೀಸೆಯ ಮೇಲೆ ಹಿಂದುಮುಂದಾಗಿ ಮೂಡುತ್ತಿತ್ತು. ಅಂದು ಅವನಿಗೆ ಬೈಗುಳ ತಂದಿರಬಹುದಾದ ಆ ತಪ್ಪನ್ನೇ ಇಂದಿನ ಸಂಗ್ರಾಹಕರು ಹುಡುಕುತ್ತಾರೆ!

ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಬ್ರಿಟನ್ನಿನಲ್ಲಿ ಈ ಹವ್ಯಾಸ ಬಹುವಾಗಿ ಹಬ್ಬಿತು. ವಿಕ್ಟೋರಿಯಾ ರಾಣಿಯ ಕಾಲದ ಕಸದ ಗುಂಡಿಗಳನ್ನು ಅಗೆದು, ಒಲೆಯ ಬೂದಿಯ ನಡುವಿನಿಂದ ಸೀಸೆಗಳನ್ನು ಎತ್ತಿದರು. ದೊರೆತವುಗಳಲ್ಲಿ ಬಹುಪಾಲು ತಿಳಿ ಹಸುರು ಬೆರೆತ ನೀಲಿಯವು. ಮರಳಿನಲ್ಲಿರುವ ಕಬ್ಬಿಣದ ಅಂಶವೇ ಆ ಛಾಯೆಗೆ ಕಾರಣ. ಕೋಬಾಲ್ಟ್ ಸೇರಿಸಿ ಮಾಡಿದ ಗಾಢ ನೀಲಿಯ ಗೋಲಿ ಸೀಸೆ ಬಲು ಅಪರೂಪ, ಬಲು ದುಬಾರಿ.

ಬೆಲೆ ಇರುವಲ್ಲಿಗೆ ಮೋಸವೂ ಬರುವುದಷ್ಟೆ. ಆದುದರಿಂದ ಬಣ್ಣವನ್ನು ಕಂಡೊಡನೆ ಮರುಳಾಗದೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯು ಪಕ್ಕದಲ್ಲಿ ಕಾಣುತ್ತದೆ. ಬಾಯಿಯನ್ನು ಕೈಯಿಂದ ತಿದ್ದಿದ ಸೀಸೆಯಲ್ಲಿ ಆ ಗೆರೆ ಕಂಠದಲ್ಲಿಯೇ ಅಳಿಯುತ್ತದೆ. ಅಮೆರಿಕದ ಮೈಕೇಲ್ ಓವೆನ್ಸ್ 1903ರಲ್ಲಿ ರೂಪಿಸಿದಂತಹ ಸ್ವಯಂಚಾಲಿತ ಯಂತ್ರದ ಸೀಸೆಗಳಲ್ಲಿ ಅದು ಬಾಯಿಯ ಅಂಚಿನವರೆಗೂ ಸಾಗುತ್ತದೆ. ಆದರೆ ಕೈಕೆಲಸವೆಲ್ಲವೂ ಹಳೆಯದಲ್ಲ. ಗೆರೆಯೊಂದನ್ನೇ ನಂಬಿದವನು ಕೆಡುವನು. ಸೀಸೆಯ ಬುಡವನ್ನೂ ನೋಡಬೇಕು. ವರ್ಷಗಳ ಕಾಲ ಪೆಟ್ಟಿಗೆಯಲ್ಲಿ ಏರಿಳಿದ ಸೀಸೆಗೆ ನೆಲ ತಾಗುವ ಕಡೆ ಸಣ್ಣ ಗೀರುಗಳಿರುತ್ತವೆ. ಹಳೆಯದೆಂದು ಮಾರುವ ಸೀಸೆಯ ಬುಡವು ನುಣ್ಣಗೆ ಹೊಳೆಯುತ್ತಿದ್ದರೆ ಸಂಶಯಪಡಬೇಕು.

ಲಕ್ಷಗಟ್ಟಲೆ ತಯಾರಾದ ಈ ಸೀಸೆಗಳಲ್ಲಿ ಇಡಿಯಾಗಿ ಉಳಿದವು ಏಕೆ ಕಡಮೆ? ತಪ್ಪು ಮಕ್ಕಳದು. ಒಳಗಿನ ಗೋಲಿಯ ಆಸೆಗಾಗಿ ಅವರು ಕಂಡ ಕಂಡ ಸೀಸೆಯ ಕಂಠವನ್ನು ಕಲ್ಲಿಗೆ ಅಪ್ಪಳಿಸುತ್ತಿದ್ದರು. ಗುಂಡಿಗಳಲ್ಲಿ ದೊರೆಯುವ ಎಷ್ಟೋ ಸೀಸೆಗಳಿಗೆ ವ್ಯಾಪಾರಿಯ ಹೆಸರಿದೆ, ಊರಿದೆ, ಕಂಠವಿಲ್ಲ, ಗೋಲಿಯಿಲ್ಲ.