ಗೋಮಾಳ ಬರಡಲ್ಲ, ಗಿಡುಗನ ಮನೆ

ಪ್ರಶ್ನೆ: ಬೇಸಿಗೆ ಬಂತೆಂದರೆ ನಮ್ಮೂರ ಗೋಮಾಳ ಮರುಭೂಮಿಯಂತೆ ಕಾಣುತ್ತದೆ. ಆದರೂ ಅಲ್ಲಿ ಗಿಡುಗ, ಹದ್ದುಗಳು ಸುತ್ತುತ್ತಿರುತ್ತವೆ. ಚಳಿಗಾಲದಲ್ಲಿ ನೆಲಕ್ಕೆ ತಾಗುವಷ್ಟು ಕೆಳಗೆ ತೇಲುವ ಬೂದು ಹಕ್ಕಿಗಳೂ ಬರುತ್ತವೆ. ಅವುಗಳಿಗೆ ಆಸರೆಯಾಗಲೆಂದು ಯುವಕ ಸಂಘದಿಂದ ಗೋಮಾಳದ ತುಂಬ ಸಸಿ ನೆಡಬೇಕೆಂದಿದ್ದೇವೆ. ಯಾವ ಸಸಿ ಒಳ್ಳೆಯದು?
– ಓದುಗರೊಬ್ಬರು, ಹಿರೇಗುಂಟನೂರು

ಉತ್ತರ: ನಿಮ್ಮ ಕಾಳಜಿ ದೊಡ್ಡದು. ಆದರೆ ದಯವಿಟ್ಟು ಗೋಮಾಳದ ತುಂಬ ಸಸಿ ನೆಡಬೇಡಿ. ಆ ಹಕ್ಕಿಗಳು ಅಲ್ಲಿಗೆ ಬರುವುದೇ ಅದು ಬಯಲು ಎಂಬ ಕಾರಣಕ್ಕೆ.

ಮೊದಲು ಆ ಬೂದು ಹಕ್ಕಿಯ ವಿಷಯ. ನೀವು ನೋಡಿರುವುದು ಬಹುತೇಕ ಹ್ಯಾರಿಯರ್ ಗಂಡು. ಪಕ್ಷಿಪ್ರಿಯರು ಕನ್ನಡದಲ್ಲಿ ಸೆಳೆವ ಎನ್ನುತ್ತಾರೆ. ರೆಕ್ಕೆಯ ತುದಿ ಕಪ್ಪಗಿದ್ದರೆ ಅನುಮಾನ ಬೇಡ. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಇವು ಕಜಾಕಸ್ತಾನ, ರಷ್ಯಾಗಳ ಹುಲ್ಲುಗಾವಲಿನಲ್ಲಿ ಮರಿ ಮಾಡಿ ಚಳಿಗಾಲ ಕಳೆಯಲು ನಮ್ಮ ಬಯಲುಸೀಮೆಗೆ ಬರುತ್ತವೆ. ಗೂಬೆಗಿರುವಂತೆ ಇವುಗಳ ಮುಖವೂ ತಟ್ಟೆಯಂತಿದ್ದು, ಹುಲ್ಲಿನೊಳಗಿನ ಸಣ್ಣ ಸರಪರ ಸದ್ದನ್ನೂ ಕಿವಿಗೆ ಮುಟ್ಟಿಸುತ್ತದೆ. ಅದಕ್ಕೇ ಅಷ್ಟು ಕೆಳಗೆ ಹಾರುವುದು. ಮಿಡತೆ, ಇಲಿ, ಓತಿಕ್ಯಾತ, ಸಣ್ಣ ಹಕ್ಕಿ ಇವುಗಳ ಆಹಾರ. ಸಂಜೆಯಾದರೆ ಮರ ಹುಡುಕುವುದಿಲ್ಲ. ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಗುಜರಾತಿನ ವೇಳಾವದರ್‌ನಲ್ಲಿ ಹೀಗೆ ಮಲಗುವ ಗುಂಪು ಜಗತ್ತಿನಲ್ಲೇ ಅತಿ ದೊಡ್ಡವುಗಳಲ್ಲೊಂದು. ಅಲ್ಲಿ ಅವನ್ನು ಕಾಪಾಡಿರುವುದೂ ಹುಲ್ಲೇ.

ಹುಲ್ಲಿನ ಜಾಗದಲ್ಲಿ ನೀಲಗಿರಿ, ಅಕೇಶಿಯಾ ನಿಂತರೆ ಹುಲ್ಲು ಸೊರಗುತ್ತದೆ, ಮಿಡತೆ ಹೋಗುತ್ತದೆ, ಹಿಂದೆಯೇ ಗಿಡುಗವೂ ಹೋಗುತ್ತದೆ. ಕುರಿ–ದನಗಳಿಗೂ ಮೇವಿಲ್ಲ. ನಮ್ಮ ಕಡತಗಳಲ್ಲಿ ಇಂಥ ನೆಲಕ್ಕೆ ‘ಬಂಜರು’ ಎಂಬ ಹೆಸರಿರುವುದರಿಂದಲೇ ಅದನ್ನು ಬೇರೆ ಕೆಲಸಕ್ಕೆ ಕೊಡುವುದು ಸುಲಭವಾಗಿದೆ. ಅಮೃತಮಹಲ್ ದನಗಳಿಗೆಂದು ಮೈಸೂರು ಅರಸರು ಕಾದಿಟ್ಟಿದ್ದ ಕಾವಲುಗಳ ಗತಿ ನೋಡಿ. ನಿಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲೇ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು.

ಬೇಟೆಹಕ್ಕಿ ಇಲ್ಲವಾದರೆ ಏನಾಗುತ್ತದೆ? ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ನೋಡಿದರು. ಗಾಳಿಯಂತ್ರ ಇರುವ ಕಡೆ ಬೇಟೆಹಕ್ಕಿಗಳು ಯಂತ್ರ ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು. ಅವುಗಳ ಭಯ ತಪ್ಪಿದ ಓತಿಕ್ಯಾತಗಳು ಹೆಚ್ಚಿದ್ದವು. 2018ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಗುಡ್ಡದ ಸಾಲಿನಲ್ಲಿ ರೆಕ್ಕೆ ತಿರುಗುವುದನ್ನು ದಿನವೂ ನೋಡುವ ಚಿತ್ರದುರ್ಗದವರು ಮನಸ್ಸಿನಲ್ಲಿಡಬೇಕು. ಗಾಳಿ ವಿದ್ಯುತ್ ಬೇಡವೆಂದಲ್ಲ. ಯಂತ್ರ ಎಲ್ಲಿ ನಿಲ್ಲಬೇಕು ಎಂದು ಕೇಳುವಾಗ ಹಕ್ಕಿಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಬೇಟೆಹಕ್ಕಿ ನಿಮಗೆ ಮಾಡುವ ಉಪಕಾರವನ್ನು ನೀವೇ ಕಣ್ಣಾರೆ ನೋಡಬಹುದು. ಹೊಲದ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಲ್ಲುವ, ಕೆಂಗಣ್ಣಿನ ಪುಟ್ಟ ಬೂದು–ಬಿಳಿ ಹದ್ದಿದೆಯಲ್ಲ, ಅದು ರಾಮದಾಸ ಹದ್ದು. ಅದು ದಿನವೂ ಕೂರುವ ಮರದ ಕೆಳಗೆ ಹುಡುಕಿ. ಹೆಬ್ಬೆರಳಿನ ಗಾತ್ರದ ಬೂದು ಉಂಡೆ ಸಿಗುತ್ತದೆ. ಅದು ಹಿಕ್ಕೆಯಲ್ಲ, ಅರಗದ ಕೂದಲು, ಮೂಳೆಗಳನ್ನು ಹಕ್ಕಿ ಬಾಯಿಂದ ಕಕ್ಕಿದ್ದು. ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಇಲಿಯ ದವಡೆ, ಅದರಲ್ಲಿ ಕಿತ್ತಳೆ ಬಣ್ಣದ ಉದ್ದ ಹಲ್ಲು. ನಿಮ್ಮ ಶೇಂಗಾ ಕಡಿದ ಹಲ್ಲು ಅದು. ಊರಿನ ಶಾಲೆಯ ಮಕ್ಕಳಿಗೆ ಒಮ್ಮೆ ತೋರಿಸಿ.

ಹಾಗಾದರೆ ಸಂಘ ಏನು ಮಾಡಬಹುದು?

ಗೋಮಾಳಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳಿ. ಚಳಿಗಾಲದ ಕೊನೆಯಲ್ಲಿ ಒಣಹುಲ್ಲಿಗೆ ಹಚ್ಚುವ ಕಿಡಿ ಮಲಗಿದ ಸೆಳೆವಗಳನ್ನು ಓಡಿಸುತ್ತದೆ, ಇತರ ಹಕ್ಕಿಗಳ ನೆಲಗೂಡಿನ ಮೊಟ್ಟೆಗಳನ್ನು ಸುಡುತ್ತದೆ. ಒಂದಿಷ್ಟು ಹುಲ್ಲನ್ನು ಮೇಯಿಸದೆ ಎತ್ತರಕ್ಕೆ ಬಿಡಿ.

ಮರ ನೆಡಲೇಬೇಕೆಂದರೆ ಬದುಗಳಲ್ಲಿ, ಕೆರೆ ದಂಡೆಯಲ್ಲಿ ಬನ್ನಿ, ಜಾಲಿ, ಬೇವು ಹಾಕಿ. ಬಯಲಿನಲ್ಲಿ ಈಗಾಗಲೇ ಇರುವ ಒಂಟಿ ಮರಗಳನ್ನು ಕಡಿಯಲು ಬಿಡಬೇಡಿ. ಕಾಯುವ ಹದ್ದಿಗೆ ಅಷ್ಟು ಸಾಕು.

ಇಲಿ ಪಾಷಾಣದಲ್ಲಿ ಎಚ್ಚರ. ಬ್ರೊಮಾಡಿಯೊಲೋನ್ ತಿಂದ ಇಲಿ ತಕ್ಷಣ ಸಾಯದೆ ಕೆಲ ದಿನ ನಿಧಾನವಾಗಿ ಓಡಾಡುತ್ತದೆ. ಸುಲಭವಾಗಿ ಸಿಕ್ಕ ಅದನ್ನೇ ಹಕ್ಕಿ ತಿಂದರೆ ವಿಷ ಹಕ್ಕಿಗೂ ಏರುತ್ತದೆ. ದನಕ್ಕೆ ನೋವಿನ ಮದ್ದು ಕೊಡಿಸುವಾಗ ಡೈಕ್ಲೊಫೆನಾಕ್ ಬೇಡ, ಮೆಲಾಕ್ಸಿಕಾಮ್ ಇರಲಿ ಎಂದು ಪಶುವೈದ್ಯರನ್ನು ಕೇಳಿ. ಸತ್ತ ದನದಲ್ಲಿ ಉಳಿದ ಡೈಕ್ಲೊಫೆನಾಕ್ ಭಾರತದ ರಣಹದ್ದುಗಳನ್ನು ಬಹುಪಾಲು ಮುಗಿಸಿತು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಉಳಿದವುಗಳಲ್ಲಿ ಕೆಲವಕ್ಕೆಂದು ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ಧಾಮವಾಗಿ ಘೋಷಿಸಬೇಕಾಯಿತು. ಎಲ್ಲ ಕಡೆ ಕಾಣುತ್ತಿದ್ದ ಹಕ್ಕಿಗೆ ಕೆಲವೇ ತಾಣ ಉಳಿಯುವ ಸ್ಥಿತಿ ಸೆಳೆವಕ್ಕೂ ಬರಬಾರದು.

ಗಿಡುಗಗಳನ್ನು ಕೊಲ್ಲುವುದು, ಮರಿ–ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕೋಳಿಮರಿ ಹೋಯಿತೆಂದು ಕವಣೆ ಎತ್ತುವ ಹುಡುಗರಿಗೂ ತಿಳಿಸಿ.

ಸಸಿಗೆಂದು ಕೂಡಿಸಿದ ಹಣದಲ್ಲಿ ಗೋಮಾಳದ ಅಂಚಿಗೆ ಒಂದು ಫಲಕ ನಿಲ್ಲಿಸಿ. ಇದು ಬಂಜರಲ್ಲ, ಹುಲ್ಲುಗಾವಲು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ನಿಮ್ಮೂರು ಆ ಹಕ್ಕಿಗೆ ಕೊಡಬಹುದಾದ ಮೊದಲ ಆಸರೆ ಅದೇ.