ಅದೇ ಹನ್ನೆರಡು ನಿಮಿಷ, ಮತ್ತೆ ಮತ್ತೆ

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಮಗಳ ಮನೆಗೆ ಬಂದಿದ್ದೇನೆ. ಮೊಮ್ಮಗ ಹೈಸ್ಕೂಲು ಬ್ಯಾಂಡಿನಲ್ಲಿ ಮೆಲೋಫೋನ್ ಊದುತ್ತಾನೆ. ಅವನಿಗೆ ‘ಡ್ರಮ್ ಕೋರ್’ ಎಂಬುದರ ಹುಚ್ಚು. ಹೋದ ವರ್ಷದ ಒಂದೇ ತಂಡದ ಒಂದೇ ಪ್ರದರ್ಶನವನ್ನು ದಿನಾ ನೋಡುತ್ತಾನೆ. ‘ನಿನ್ನೆ ನೋಡಿದ್ದೇ ಅಲ್ವೇನೋ’ ಅಂದರೆ ‘ಅಲ್ಲಜ್ಜಿ, ಇದು ಬೇರೆ ಊರಿಂದು’ ಅನ್ನುತ್ತಾನೆ. ನನಗಂತೂ ಎರಡೂ ಒಂದೇ. ಪೆರೇಡಿನಂಥ ಇದಕ್ಕೆ ಇಷ್ಟೊಂದು ಅಭಿಮಾನಿಗಳು ಯಾಕೆ? ಜುಲೈನಲ್ಲಿ ಸ್ಯಾನ್ ಆಂಟೋನಿಯೋಗೆ ನನ್ನನ್ನೂ ಕರೆದುಕೊಂಡು ಹೋಗುತ್ತಾರಂತೆ. ಅಲ್ಲಿ ಏನು ನೋಡಬೇಕು?
– ಓದುಗರೊಬ್ಬರು, ಕುಂದಾಪುರ (ಸದ್ಯ ಆಸ್ಟಿನ್)

ಉತ್ತರ: ಮೊಮ್ಮಗ ಹೇಳಿದ್ದು ಸರಿ, ಎರಡೂ ಬೇರೆ. ಹೇಗೆ ಬೇರೆ ಎಂಬುದು ಕಣ್ಣಿಗೆ ಬಿದ್ದ ದಿನವೇ ಮನುಷ್ಯ ಡ್ರಮ್ ಕೋರ್ ಅಭಿಮಾನಿಯಾಗುವುದು. ಇಂಡಿಯಾನಾದಲ್ಲಿ ಕೆಲಸದ ಮೇಲಿದ್ದಾಗ ನನಗೆ ಹತ್ತಿಕೊಂಡ ಈ ಚಟ ಬೆಂಗಳೂರಿಗೆ ಮರಳಿದ ಮೇಲೂ ಬಿಟ್ಟಿಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪೆರೇಡಿನಂಥದ್ದು ಅಂದಿರಲ್ಲ, ಬೇರು ಅಲ್ಲಿಯದೇ. ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಊರೂರಲ್ಲಿ ಕಟ್ಟಿಕೊಂಡ ಅಮೆರಿಕನ್ ಲೀಜನ್‌ನಂಥ ಸಂಘಗಳು ಕಹಳೆ ಮತ್ತು ಡ್ರಮ್ಮುಗಳ ತಂಡಗಳನ್ನು ಸಾಕಿದವು. ಚರ್ಚುಗಳು, ಸ್ಕೌಟ್ ದಳಗಳು ಬಡಾವಣೆಯ ಹುಡುಗರನ್ನು ಸೇರಿಸಿ ತಂಡ ಕಟ್ಟಿದವು. ಸ್ಪರ್ಧೆಯ ನಿಯಮ ಮಾತ್ರ ಮಾಜಿ ಸೈನಿಕರ ಕೈಯಲ್ಲೇ ಇತ್ತು. ಅದರಿಂದ ಬೇಸತ್ತ ತಂಡಗಳು 1971ರಲ್ಲಿ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’, ಅಂದರೆ ಡಿಸಿಐ, ಎಂಬ ತಮ್ಮದೇ ಸಂಸ್ಥೆ ಮಾಡಿಕೊಂಡವು. ಮರುವರ್ಷ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಎಂಬ ಸಣ್ಣ ಊರಿನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆದು, ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದಿತು. ಅಲ್ಲಿಂದೀಚೆಗೆ ಇದು ಪೆರೇಡಿನ ದಾರಿ ಬಿಟ್ಟು ನಾಟಕದ ದಾರಿ ಹಿಡಿಯಿತು. ಬಾರ್ಟೋಕ್ ಬಂದ, ಬರ್ನ್‌ಸ್ಟೈನ್ ಬಂದ, ಜಾಝ್ ಬಂತು. ಪೆರೇಡಿನದು ಅಂತ ಉಳಿದಿರುವುದು ಹೆಜ್ಜೆಯ ಶಿಸ್ತು ಒಂದೇ.

ಮೊಮ್ಮಗನ ಶಾಲೆಯ ಬ್ಯಾಂಡು ಇದರ ಹತ್ತಿರದ ನೆಂಟ, ಅಷ್ಟೆ. ಶಾಲೆಯದು ಚಳಿಗಾಲಕ್ಕೆ ಮುಂಚಿನ ಫುಟ್‌ಬಾಲ್ ಋತುವಿನದು. ಅಲ್ಲಿ ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್ ಎಲ್ಲ ಇರುತ್ತವೆ. ಡ್ರಮ್ ಕೋರ್ ಬೇಸಿಗೆಯದು. ಊದುವವರ ಕೈಯಲ್ಲಿ ಹಿತ್ತಾಳೆಯ ವಾದ್ಯಗಳು ಮಾತ್ರ. ಜೊತೆಗೆ ಡ್ರಮ್ಮಿನವರು, ಮೈದಾನದ ಮುಂದೆ ಕೋಲಿನಿಂದ ಬಡಿದು ನುಡಿಸುವ ಮರಿಂಬಾ ಮುಂತಾದವನ್ನಿಟ್ಟುಕೊಂಡು ನಿಂತಿರುವವರು, ಬಾವುಟ, ಮರದ ರೈಫಲ್ಲು, ಕತ್ತಿಗಳನ್ನು ಆಕಾಶಕ್ಕೆ ತೂರಿ ಹಿಡಿಯುವ ಕಲರ್ ಗಾರ್ಡ್. ಒಂದು ತಂಡದಲ್ಲಿ ಹೆಚ್ಚೆಂದರೆ 165 ಮಂದಿ. ಇಪ್ಪತ್ತೆರಡರ ಆಸುಪಾಸಿಗೆ ವಯಸ್ಸು ಮುಗಿಯಿತು. ಎಷ್ಟೇ ಪ್ರತಿಭೆಯಿದ್ದರೂ ಮನೆಗೆ. ‘ಏಜ್‌ಔಟ್’ ಆಗುವವರು ಕೊನೆಯ ರಾತ್ರಿ ಮೈದಾನದಲ್ಲೇ ಬಿಕ್ಕಿಬಿಕ್ಕಿ ಅಳುವುದನ್ನು ನೋಡಿ ನೀವು ಗಾಬರಿಯಾಗಬೇಡಿ.

ಈಗ ನಿಜವಾದ ವಿಷಯಕ್ಕೆ ಬರೋಣ. ಈ ಮಕ್ಕಳು ಮಾಡುತ್ತಿರುವ ಕೆಲಸ ಎಷ್ಟು ಕಷ್ಟದ್ದು ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಫುಟ್‌ಬಾಲ್ ಮೈದಾನ ನೂರು ಗಜ, ಸುಮಾರು 91 ಮೀಟರ್ ಉದ್ದ. ಶಬ್ದ ಈ ತುದಿಯಿಂದ ಆ ತುದಿಗೆ ಹೋಗಲು ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟೇ ತಾನೆ ಅನ್ನಿಸಬಹುದು. ಆದರೆ ಇವರು ಎಷ್ಟೋ ಸಲ ನಿಮಿಷಕ್ಕೆ 180 ಬೀಟಿನ ವೇಗದಲ್ಲಿ ನುಡಿಸುತ್ತಾರೆ. ಆ ವೇಗದಲ್ಲಿ ಒಂದು ಬೀಟಿನಿಂದ ಇನ್ನೊಂದಕ್ಕೆ ಇರುವ ಅಂತರ ಸೆಕೆಂಡಿನ ಮೂರನೇ ಒಂದು ಭಾಗ. ಆ ತುದಿಯ ಟ್ರಂಪೆಟ್ಟಿನವನು ಈ ತುದಿಯವನನ್ನು ಕಿವಿಗೊಟ್ಟು ಕೇಳಿ ನುಡಿಸಿದರೆ ಮುಗಿಯಿತು, ಎಲ್ಲ ಕಲಸುಮೇಲೋಗರ. ಆದ್ದರಿಂದ ಅವನು ತನ್ನ ಕಿವಿಯನ್ನು ನಂಬುವಂತಿಲ್ಲ. ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್ ಕೈಯನ್ನು ನೋಡಿ ನುಡಿಸಬೇಕು. ಡ್ರಮ್ ಮೇಜರ್ ಏನು ನೋಡುತ್ತಾನೆ? ಹಿಂದೆ ಮಧ್ಯದಲ್ಲಿರುವ ಸ್ನೇರ್ ಡ್ರಮ್ಮಿನವರ ಪಾದಗಳನ್ನು. ಮೈದಾನದ ಮುಂದೆ ಮರಿಂಬಾ ನುಡಿಸುವವರದು ತದ್ವಿರುದ್ಧ: ಅವರು ಡ್ರಮ್ ಮೇಜರನ್ನು ನೋಡಬಾರದು, ಬೆನ್ನ ಹಿಂದಿನಿಂದ ಬರುವ ಶಬ್ದಕ್ಕೇ ಕಿವಿಗೊಟ್ಟು ಸೇರಿಕೊಳ್ಳಬೇಕು. ಹೀಗೆ ಒಬ್ಬೊಬ್ಬರು ಒಂದೊಂದು ರೀತಿಯ ‘ತಪ್ಪು’ ಮಾಡಿದಾಗ ಗ್ಯಾಲರಿಯಲ್ಲಿ ಕೂತ ನಿಮಗೆ ಎಲ್ಲ ಒಟ್ಟಿಗೆ ಕೇಳಿಸುತ್ತದೆ.

ಇದೆಲ್ಲ ನಡೆಯುವುದು ಓಡಾಡುತ್ತಲೇ. ಪ್ರತಿಯೊಬ್ಬರಿಗೂ ಮೈದಾನದ ಮೇಲೆ ‘ಡಾಟ್’ ಅಂತ ಒಂದು ಜಾಗ ಗೊತ್ತುಮಾಡಿರುತ್ತಾರೆ. ಮೂವತ್ತೈದು ಗಜದ ಗೆರೆಯಿಂದ ಹೊರಗೆ ಎರಡು ಹೆಜ್ಜೆ, ಮುಂದಿನ ಹ್ಯಾಶ್ ಗುರುತಿನಿಂದ ಹಿಂದಕ್ಕೆ ಆರು ಹೆಜ್ಜೆ, ಹೀಗೆ. ಐದು ಗಜಕ್ಕೆ ಎಂಟು ಹೆಜ್ಜೆ ಲೆಕ್ಕ, ಅಂದರೆ ಒಂದು ಹೆಜ್ಜೆ 57 ಸೆಂಟಿಮೀಟರ್. ಒಂದು ಪ್ರದರ್ಶನದಲ್ಲಿ ಇಂಥ ನೂರಕ್ಕೂ ಹೆಚ್ಚು ಡಾಟ್ ಇರಬಹುದು. ಹಿಮ್ಮಡಿಯಿಂದ ಬೆರಳತುದಿಗೆ ಪಾದ ಉರುಳಿಸುತ್ತಾ ನಡೆಯಬೇಕು. ಇಲ್ಲದಿದ್ದರೆ ತುಟಿಗಿಟ್ಟ ವಾದ್ಯ ಅಲುಗಿ ಸ್ವರ ನಡುಗುತ್ತದೆ.

ಹನ್ನೆರಡು ನಿಮಿಷದ ಒಂದೇ ಪ್ರದರ್ಶನವನ್ನು ಮತ್ತೆ ಮತ್ತೆ ಯಾಕೆ ನೋಡುತ್ತಾರೆ ಅಂದಿರಿ. ಕುಂದಾಪುರದವರಾದ ನಿಮಗೆ ಇದನ್ನು ಹೇಳುವುದು ಸುಲಭ. ಗದಾಯುದ್ಧದ ಕಥೆ ಗೊತ್ತಿಲ್ಲ ಅಂತ ಯಾರೂ ಯಕ್ಷಗಾನದ ಆಟಕ್ಕೆ ಹೋಗುವುದಿಲ್ಲ. ಇವತ್ತಿನ ಕೌರವ ಹೇಗೆ ಮಾಡುತ್ತಾನೆ, ಭಾಗವತರ ಕಂಠ ಹೇಗಿದೆ, ನಾಲ್ಕು ದಿನದ ಹಿಂದೆ ಎಡವಿದ ಮದ್ದಳೆ ಇವತ್ತು ಕೂಡಿಕೊಂಡಿತೇ ಎಂದು ನೋಡಲು ಹೋಗುತ್ತಾರೆ. ಇಲ್ಲಿಯೂ ತಂಡಗಳು ಮೇಳದ ಹಾಗೆ ತಿರುಗಾಟ ಹೊರಡುತ್ತವೆ. ಜೂನ್ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ರಾತ್ರಿಯೆಲ್ಲ ಬಸ್ಸು, ಬೆಳಗಿನ ಜಾವ ಯಾವುದೋ ಶಾಲೆಯ ಜಿಮ್ಮಿನ ನೆಲದ ಮೇಲೆ ನಿದ್ದೆ, ಆಮೇಲೆ ಬಿಸಿಲಲ್ಲಿ ತಾಲೀಮು, ಸಂಜೆ ಪ್ರದರ್ಶನ. ಜೂನ್‌ನಲ್ಲಿ ಕೆಲವು ತಂಡಗಳ ಪ್ರದರ್ಶನಕ್ಕೆ ಕೊನೆಯ ಭಾಗವೇ ಇರುವುದಿಲ್ಲ. ಇದ್ದದ್ದರಲ್ಲೂ ‘ಡರ್ಟ್’ ಜಾಸ್ತಿ. ಒಟ್ಟಿಗೆ ಬೀಳಬೇಕಾದ ಪೆಟ್ಟು ಚದುರುತ್ತದೆ, ಸಾಲು ಸೊಟ್ಟಗಾಗುತ್ತದೆ. ದಿನದಿನಕ್ಕೆ ಅದು ‘ಕ್ಲೀನ್’ ಆಗುವುದನ್ನು ಹಿಂಬಾಲಿಸುವುದೇ ಈ ಅಭಿಮಾನದ ತಿರುಳು. ಬೇರೆ ಕಲೆಗಳು ತಾಲೀಮನ್ನು ಬಾಗಿಲ ಹಿಂದೆ ಮುಚ್ಚಿಟ್ಟುಕೊಳ್ಳುತ್ತವೆ. ಇದು ತನ್ನ ಹಸಿ ಕೆಲಸವನ್ನು ಟಿಕೆಟ್ ಇಟ್ಟು ತೋರಿಸುತ್ತದೆ.

ನಿಮ್ಮ ಕಿವಿಗೇ ಪರೀಕ್ಷೆ ಮಾಡಿಕೊಳ್ಳಬೇಕೆಂದರೆ ಬಾಸ್ ಡ್ರಮ್ಮುಗಳನ್ನು ಕೇಳಿ. ಸಾಮಾನ್ಯವಾಗಿ ಐವರು, ಐದು ಗಾತ್ರದ ಐದು ಡ್ರಮ್. ಸೆಕೆಂಡಿಗೆ ಹನ್ನೆರಡು ಪೆಟ್ಟಿನ ಒಂದು ಓಟವನ್ನು ಐವರೂ ಹಂಚಿಕೊಳ್ಳುತ್ತಾರೆ. ಒಂದು ಪೆಟ್ಟು ಇವನದು, ಮುಂದಿನದು ಪಕ್ಕದವನದು. ಒಬ್ಬನೇ ನುಡಿಸಿದಂತೆ ಕೇಳಿಸಿದರೆ ಕ್ಲೀನ್. ಎಲ್ಲೋ ಒಂದು ಕಡೆ ಕುಂಟಿದಂತೆ ಕೇಳಿಸಿದರೆ ನೀವು ಡರ್ಟ್ ಹಿಡಿದಿರಿ ಎಂದರ್ಥ. ಮೊಮ್ಮಗನಿಗೆ ಹೇಳಿ ನೋಡಿ, ಅವನ ಮುಖ ಅರಳುತ್ತದೆ.

ಅಭಿಮಾನಿಗಳ ಇನ್ನೊಂದು ತೀರ್ಥಕ್ಷೇತ್ರ ‘ಲಾಟ್’. ಅದು ಕ್ರೀಡಾಂಗಣದ ಹೊರಗಿನ ಪಾರ್ಕಿಂಗ್ ಜಾಗವೇ, ಬೇರೇನಲ್ಲ. ಒಳಗೆ ಹೋಗುವ ಮುಂಚೆ ಡ್ರಮ್ಮಿನವರು ಅಲ್ಲಿ ಅರ್ಧಚಂದ್ರಾಕಾರವಾಗಿ ನಿಂತು ಕೈ ಸಡಿಲ ಮಾಡಿಕೊಳ್ಳುತ್ತಾರೆ. ಸ್ಪೀಕರಿನಲ್ಲಿ ಮೆಟ್ರೊನೋಮ್ ಟಕ್ ಟಕ್ ಅನ್ನುತ್ತಿರುತ್ತದೆ. ಸ್ನೇರ್ ಡ್ರಮ್ಮಿಗೆ ಬಿಗಿದಿರುವುದು ಕೆವ್ಲಾರ್ ಹೊದಿಕೆ. ಶಬ್ದ ಗುಂಯ್‌ಗುಡುವುದಿಲ್ಲ, ಚಟ್ ಎಂದು ಅಲ್ಲಿಗೇ ನಿಲ್ಲುತ್ತದೆ. ಸುತ್ತ ಕೈಯಳತೆಯ ದೂರದಲ್ಲಿ ಜನ. ಹೈಸ್ಕೂಲು ಹುಡುಗರು ಮನೆಯಿಂದ ತಂದ ಕೋಲುಗಳಿಂದ ತೊಡೆಯ ಮೇಲೆ ಅದೇ ಲಯ ಬಡಿಯುತ್ತಿರುತ್ತಾರೆ, ಕಣ್ಣು ಮಾತ್ರ ನಡುವಿನ ಸ್ನೇರಿನವನ ಮಣಿಕಟ್ಟಿನ ಮೇಲೆ. ಒಳಗೆ ಪ್ರದರ್ಶನ ಶುರುವಾದರೂ ಲಾಟ್ ಬಿಟ್ಟು ಬಾರದವರಿದ್ದಾರೆ. ಟಿಕೆಟ್ ದುಡ್ಡು ದಂಡ ಎಂದು ನನಗೆ ಅನ್ನಿಸುತ್ತದೆ, ಅವರಿಗೆ ಅನ್ನಿಸುವುದಿಲ್ಲ.

ಇನ್ನು ಅಂಕಗಳ ಜಗಳ. ಒಟ್ಟು ನೂರು, ಒಟ್ಟಾರೆ ಪರಿಣಾಮಕ್ಕೆ ನಲವತ್ತು, ಸಂಗೀತಕ್ಕೆ ಮೂವತ್ತು, ನೋಟಕ್ಕೆ ಮೂವತ್ತು. ಹಿಂದೆ ತೀರ್ಪುಗಾರರು ಪ್ರತಿ ತಪ್ಪಿಗೂ ಹತ್ತನೇ ಒಂದಂಶ ಕತ್ತರಿಸುತ್ತಿದ್ದರು. ಆ ಪದ್ಧತಿ 1980ರ ದಶಕದಲ್ಲಿ ಹೋದ ಮೇಲೆ ವಿನ್ಯಾಸಕಾರರಿಗೆ ಧೈರ್ಯ ಬಂತು. ಜಗಳ ಮಾತ್ರ ನಿಲ್ಲಲಿಲ್ಲ: 2008ರ ಫೈನಲ್‌ನಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ ‘ಸ್ಪಾರ್ಟಕಸ್’ ಆಡಿದ ಫ್ಯಾಂಟಮ್ ರೆಜಿಮೆಂಟ್ 98.125 ಪಡೆಯಿತು, ಬ್ಲೂ ಡೆವಿಲ್ಸ್ 98.100. ಆ 0.025ರ ಮೇಲೆ ಇವತ್ತಿಗೂ ವಾದ ಮಾಡುವವರು ಸಿಗುತ್ತಾರೆ. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್ ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದ ತಂಡ. 2014ರಲ್ಲಿ ಅದು ಪಡೆದ 99.650 ದಾಖಲೆ. ಇನ್ನೊಂದು ತುದಿಯಲ್ಲಿ ಬೋಸ್ಟನ್ ಕ್ರುಸೇಡರ್ಸ್: 1940ರಲ್ಲಿ ಹುಟ್ಟಿ, 2025ರಲ್ಲಿ ಮೊದಲ ಸಲ ಡಿಸಿಐ ಕಿರೀಟ ತೊಟ್ಟಿತು. ಗೆಲುವಿಗೋಸ್ಕರ ತಂಡ ಹಿಡಿಯುವವರಾಗಿದ್ದರೆ ಬೋಸ್ಟನ್ನಿಗೆ ಅಭಿಮಾನಿಗಳೇ ಇರುತ್ತಿರಲಿಲ್ಲ.

ಹಳೆಯ ಅಭಿಮಾನಿಗಳಿಗೆ ಇಲ್ಲಿ ‘ಡೈನೋಸಾರ್’ ಎಂಬ ಅಡ್ಡಹೆಸರು. 2000ದಲ್ಲಿ ಹಳೆಯ ಜಿ ಶ್ರುತಿಯ ಬ್ಯೂಗಲ್ಲಿನ ಕಟ್ಟುಪಾಡು ಹೋಯಿತು, 2004ರಲ್ಲಿ ಮೈಕು ಬಂತು, 2009ರಲ್ಲಿ ಸಿಂಥಸೈಜರ್ ಬಂತು. ಪ್ರತಿ ಸಲವೂ ‘ಇಲ್ಲಿಗೆ ಡ್ರಮ್ ಕೋರ್ ಸತ್ತಿತು’ ಎಂದು ಅವರು ತಿಥಿ ಮಾಡಿ ಮುಗಿಸಿದ್ದಾರೆ. ನಾನು ಅರ್ಧ ಡೈನೋಸಾರ್. ಮರಿಂಬಾಕ್ಕೆ ಮೈಕು ಕೊಟ್ಟದ್ದು ಒಳ್ಳೆಯದೇ ಆಯಿತು, ಮೊದಲು ಅವರು ಸುತ್ತಿಗೆ ಹಿಡಿದಂತೆ ಬಡಿಯಬೇಕಾಗಿತ್ತು. ಆದರೆ ನೂರೈವತ್ತು ಮಕ್ಕಳು ಮೈಯಲ್ಲೇ ಕಥೆ ಹೇಳುತ್ತಿರುವಾಗ ಸ್ಪೀಕರಿನಿಂದ ಒಂದು ಗಂಭೀರ ಧ್ವನಿ ಅದೇ ಕಥೆಯ ಅರ್ಥ ಬಿಡಿಸುವುದನ್ನು ನಾನು ಸಹಿಸಲಾರೆ.

ಮೊಮ್ಮಗ ಮುಂದೆ ತಾನೂ ಸೇರುತ್ತೇನೆ ಅಂದರೆ ಮಗಳು, ಅಳಿಯ ತಿಳಿದಿರಬೇಕಾದದ್ದೂ ಇದೆ. ಸಂಬಳವಿಲ್ಲ, ಹಲವು ಸಾವಿರ ಡಾಲರ್ ಶುಲ್ಕವನ್ನು ಮಕ್ಕಳೇ ಕಟ್ಟಬೇಕು. ಮೈ ಹಣ್ಣಾಗುತ್ತದೆ. 1934ರಲ್ಲಿ ಹುಟ್ಟಿ, ಹತ್ತು ಸಲ ಡಿಸಿಐ ಗೆದ್ದ ‘ದ ಕ್ಯಾಡೆಟ್ಸ್’ ತಂಡ ಹಳೆಯ ಲೈಂಗಿಕ ದೌರ್ಜನ್ಯದ ಮೊಕದ್ದಮೆಯ ಭಾರಕ್ಕೆ 2024ರಲ್ಲಿ ಬಾಗಿಲು ಹಾಕಿತು. ತಂಡದ ಅಂಕ ನೋಡುವುದಕ್ಕೆ ಮೊದಲು ಮಕ್ಕಳ ಸುರಕ್ಷತೆಗೆ ಅಲ್ಲಿ ಏನು ವ್ಯವಸ್ಥೆಯಿದೆ ಎಂದು ಕೇಳುವುದು ಈಗ ಪೋಷಕರ ಮೊದಲ ಕೆಲಸ.

ಸ್ಯಾನ್ ಆಂಟೋನಿಯೋದ ಅಲಾಮೋಡೋಮ್‌ಗೆ ಹೋಗುತ್ತೀರಿ, ಒಳ್ಳೆಯದು. ಋತುವಿನ ದೊಡ್ಡ ಸ್ಪರ್ಧೆಗಳಲ್ಲಿ ಅದೂ ಒಂದು. ಮುಂದಿನ ಸಾಲಿನ ಟಿಕೆಟ್ಟಿಗೆ ಆಸೆಪಡಬೇಡಿ. ಅಲ್ಲಿ ಕೂತರೆ ಮರಿಂಬಾದವರನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಐವತ್ತು ಗಜದ ಗೆರೆಗೆ ನೇರವಾಗಿ, ಮೇಲಿನ ಹಂತದಲ್ಲಿ ಕೂತರೆ ಆಕಾರಗಳು ಕರಗಿ ಇನ್ನೊಂದಾಗುವುದು ಕಾಣುತ್ತದೆ. ಮುಚ್ಚಿದ ಚಾವಣಿಯಾದ್ದರಿಂದ ಶಬ್ದ ಮಾರ್ದನಿಗುಡುತ್ತದೆ, ಅದಕ್ಕೆ ತಂಡವನ್ನು ಬೈಯಬೇಡಿ. ಎಲ್ಲವನ್ನೂ ಹಿಡಿಯಲು ಹೋಗದೆ ಒಂದೊಂದು ತಂಡದಲ್ಲಿ ಒಬ್ಬರನ್ನೇ ಆರಿಸಿಕೊಂಡು ಕೊನೆಯವರೆಗೂ ಹಿಂಬಾಲಿಸಿ. ಮೆಲೋಫೋನಿನವರನ್ನೇ ಆರಿಸಿಕೊಂಡರೆ ಮೊಮ್ಮಗನಿಗೂ ಖುಷಿ. ಅವರ ವಾದ್ಯದ ಬಾಯಿ ಶಾಸ್ತ್ರೀಯ ಹಾರ್ನಿನಂತೆ ಹಿಂದಕ್ಕೆ ತಿರುಗಿರುವುದಿಲ್ಲ, ನಿಮ್ಮ ಕಡೆಗೇ ಇರುತ್ತದೆ. ಬ್ಲೂಕೋಟ್ಸ್ ತಂಡ ಬಂದಾಗ ಸುತ್ತಲಿನವರು ‘ಬ್ಲೂಊಊ’ ಎಂದು ಕೂಗುತ್ತಾರೆ. ಅದು ಛೀಮಾರಿಯಲ್ಲ, ಮೆಚ್ಚುಗೆ, ನೀವೂ ಕೂಗಬಹುದು. ಹೊರಗೆ ಟೆಕ್ಸಾಸಿನ ಜುಲೈ ಬಿಸಿಲಿದ್ದರೂ ಒಳಗೆ ಏಸಿ ಇರುತ್ತದೆ, ಕೂರಬೇಕಾದದ್ದು ಗಂಟೆಗಟ್ಟಲೆ. ಒಂದು ಶಾಲು ಜೊತೆಗಿರಲಿ.